ಓದುಗರ ಪ್ರಶ್ನೆ: ವಿದೇಶಿ ಟೆಸ್ಟ್ ಪ್ರವಾಸಕ್ಕೆ ತಂಡ ಕಟ್ಟುವಾಗ

2025ರ ಇಂಗ್ಲೆಂಡ್ ಪ್ರವಾಸಕ್ಕೆ ಹೋದ ಭಾರತ ತಂಡದ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಆಯ್ಕೆಯ ಕುರಿತೇ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ರಣಜಿಯಲ್ಲಿ ಅತಿ ಹೆಚ್ಚು ರನ್ ಮಾಡಿದವರನ್ನೂ ಅತಿ ಹೆಚ್ಚು ವಿಕೆಟ್ ಪಡೆದವರನ್ನೂ ಸಾಲಾಗಿ ಆರಿಸಿಕೊಂಡರೆ ಆಯ್ಕೆಯ ಜಗಳವೇ ಇರುವುದಿಲ್ಲ. ಹಾಗೆ ಮಾಡದೆ ಇರುವುದರಿಂದಲೇ ಮಯಂಕ್ ಅಗರವಾಲ್, ಕರುಣ್ ನಾಯರ್ ಅವರಂಥ ನಮ್ಮ ರಾಜ್ಯದ ಆಟಗಾರರಿಗೆ ಅನ್ಯಾಯವಾಗಿಲ್ಲವೇ? (ಸಿಂಧನೂರಿನ ಉಪನ್ಯಾಸಕರೊಬ್ಬರು)

ಉತ್ತರ: ರಣಜಿಯ ಸಾಧನೆ ಆಯ್ಕೆಯ ಮೊದಲ ಬಾಗಿಲಾಗಬೇಕು ಎಂಬುದರಲ್ಲಿ ನಿಮ್ಮ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ ಅದೊಂದೇ ಬಾಗಿಲಾದರೆ ಸಾಲದು. ರನ್ ಯಾವ ಪಿಚ್‌ನಲ್ಲಿ, ಯಾವ ಬೌಲರ್‌ಗಳ ಎದುರು, ತಂಡ ಯಾವ ಸ್ಥಿತಿಯಲ್ಲಿದ್ದಾಗ ಬಂದವು ಎಂಬುದನ್ನು ನೋಡದೆ ಮೊತ್ತವನ್ನು ಮಾತ್ರ ನೋಡಿದರೆ, ಮಂದಗತಿಯ ಪಿಚ್‌ನಲ್ಲಿ ಮುಂಗಾಲಿನ ಮೇಲೇ ಆಡಿ ದ್ವಿಶತಕ ಹೊಡೆದವನನ್ನು ಆಸ್ಟ್ರೇಲಿಯಾದ ಪರ್ತ್‌ನ ಪುಟಿತಕ್ಕೆ ಒಡ್ಡಿದಂತಾಗುತ್ತದೆ. ನಮ್ಮ ಭಾಗದ ಎರೆಮಣ್ಣಿನ ಪಿಚ್‌ಗಳಲ್ಲಿ ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಮೊಣಕಾಲಿನ ಮಟ್ಟಕ್ಕೆ ಬರುವ ಚೆಂಡು ಕೆಂಪು ಮಣ್ಣಿನ ಪಿಚ್‌ನಲ್ಲಿ ಸೊಂಟಕ್ಕೆ ಬರುತ್ತದೆ, ಆಸ್ಟ್ರೇಲಿಯಾದಲ್ಲಿ ಎದೆಯವರೆಗೂ ಏರುತ್ತದೆ. ಇದನ್ನು ಅಳೆಯಲೆಂದೇ ಮುಖ್ಯ ಪ್ರವಾಸಕ್ಕೆ ಮುನ್ನ ಭಾರತ ‘ಎ’ ತಂಡವನ್ನು, ಅಂದರೆ ರಾಷ್ಟ್ರೀಯ ತಂಡದ ಹೊಸ್ತಿಲಲ್ಲಿರುವವರ ಎರಡನೆಯ ತಂಡವನ್ನು, ಅದೇ ದೇಶಕ್ಕೆ ಕಳುಹಿಸುವ ಪದ್ಧತಿಯಿದೆ. ಹೀಗಾಗಿ ರಣಜಿಯನ್ನು ಮೊದಲ ಪರೀಕ್ಷೆ ಎನ್ನುವುದಾದರೆ ‘ಎ’ ಪ್ರವಾಸ ಎರಡನೆಯದು.

ಈಗ ನೀವು ಹೆಸರಿಸಿದ ಇಬ್ಬರ ವಿಷಯ. ಮಯಂಕ್ 2017-18ರ ರಣಜಿ ಋತುವಿನಲ್ಲಿ 1160 ರನ್ ಗಳಿಸಿದರು. ಮಹಾರಾಷ್ಟ್ರದ ಎದುರಿನ ಅಜೇಯ 304 ಅದರಲ್ಲಿ ಸೇರಿತ್ತು. ಅಷ್ಟಾದ ಮೇಲೂ 2018ರ ಇಂಗ್ಲೆಂಡ್ ಪ್ರವಾಸಕ್ಕೆ ಅವರಿಗೆ ಕರೆ ಬರಲಿಲ್ಲ. ಅದೇ ವರ್ಷ ವೆಸ್ಟ್ ಇಂಡೀಸ್ ಎದುರಿನ ತವರು ಸರಣಿಗೆ ಆಯ್ಕೆಯಾದರು, ಆದರೆ ಒಂದು ಪಂದ್ಯವನ್ನೂ ಆಡಿಸಲಿಲ್ಲ. ಮುಂದೆ ಆಸ್ಟ್ರೇಲಿಯಾ ಪ್ರವಾಸದ ಪಟ್ಟಿ ಹೊರಬಿದ್ದಾಗ ಅದರಲ್ಲಿ ಅವರ ಹೆಸರೇ ಇರಲಿಲ್ಲ. ಒಂದು ಚೆಂಡನ್ನೂ ಎದುರಿಸಲು ಬಿಡದೆ ಒಬ್ಬ ಬ್ಯಾಟರ್‌ನನ್ನು ಕೈಬಿಡುವುದಕ್ಕೆ ಯಾವ ಸಮರ್ಥನೆಯೂ ಇರಲಾರದು ಎಂದೇ ನಾನು ನಂಬಿದ್ದೇನೆ. ಆ ಪಟ್ಟಿಯಲ್ಲಿದ್ದ ಆರಂಭಿಕ ಬ್ಯಾಟರ್ ಪೃಥ್ವಿ ಶಾ ಸಿಡ್ನಿಯ ಅಭ್ಯಾಸ ಪಂದ್ಯದಲ್ಲಿ ಕಾಲು ಉಳುಕಿಸಿಕೊಂಡಿದ್ದರಿಂದ ಮಯಂಕ್ ಬದಲಿ ಆಟಗಾರನಾಗಿ ವಿಮಾನ ಹತ್ತಿದರು. 2018ರ ಡಿಸೆಂಬರ್ 26ರಂದು ಮೆಲ್ಬರ್ನ್‌ನಲ್ಲಿ ಪದಾರ್ಪಣೆ ಮಾಡಿ 76 ಮತ್ತು 42, ಸಿಡ್ನಿಯಲ್ಲಿ 77 ರನ್ ಗಳಿಸಿದರು. ಅದಾದ ಮೇಲೆ ತವರಿನಲ್ಲಿ ದಕ್ಷಿಣ ಆಫ್ರಿಕಾ ಎದುರು 215, ಬಾಂಗ್ಲಾದೇಶದ ಎದುರು 243. ಆದರೆ 2020ರ ನ್ಯೂಜಿಲೆಂಡ್ ಪ್ರವಾಸದ ನಾಲ್ಕು ಇನಿಂಗ್ಸ್‌ಗಳಲ್ಲಿ ಅವರಿಂದ ಬಂದದ್ದು ಒಂದೇ ಅರ್ಧಶತಕ, ಮುಂದಿನ ಆಸ್ಟ್ರೇಲಿಯಾ ಪ್ರವಾಸದಲ್ಲಿ ಒಂದೂ ಇಲ್ಲ. ಮೊದಲು ಕಡೆಗಣಿಸಿದ್ದು ತಪ್ಪು. ಆಮೇಲೆ ಕೈಬಿಟ್ಟದ್ದಕ್ಕೆ ಕಾರಣವಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ.

ಕರುಣ್ ಅವರ ಕಥೆ ಇನ್ನೂ ಕಠಿಣವಾದದ್ದು. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ಎದುರು ಅಜೇಯ 303 ರನ್ ಮಾಡಿ, ಸೆಹ್ವಾಗ್ ಬಳಿಕ ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಎರಡನೆಯ ಭಾರತೀಯರೆನಿಸಿದರು. ಅದರ ಮುಂದಿನ ಟೆಸ್ಟ್‌ನಲ್ಲೇ, ಗಾಯದಿಂದ ಚೇತರಿಸಿಕೊಂಡ ರಹಾನೆ ಮರಳಿದ್ದರಿಂದ, ಅವರಿಗೆ ಹನ್ನೊಂದರ ಬಳಗದಲ್ಲಿ ಜಾಗವಿರಲಿಲ್ಲ. 2017ರಲ್ಲಿ ಆಸ್ಟ್ರೇಲಿಯಾ ಎದುರು ಅವಕಾಶ ಸಿಕ್ಕಿತು, ರನ್ ಬರಲಿಲ್ಲ. ನಿಜವಾಗಿ ನೋವುಂಟುಮಾಡಿದ್ದು 2018ರ ಇಂಗ್ಲೆಂಡ್ ಪ್ರವಾಸ. ಮೊದಲಿನಿಂದಲೂ ತಂಡದ ಜೊತೆಗಿದ್ದ ಕರುಣ್ ಅವರನ್ನು ಹೊರಗೇ ಕೂರಿಸಿ, ನಡುವೆ ಬಂದು ಸೇರಿದ ಹನುಮ ವಿಹಾರಿ ಅವರಿಗೆ ಓವಲ್ ಟೆಸ್ಟ್‌ನಲ್ಲಿ ಪದಾರ್ಪಣೆಯ ಅವಕಾಶ ಕೊಡಲಾಯಿತು. ವಿಹಾರಿ 56 ರನ್ ಮಾಡಿದರು, ಮೂರು ವಿಕೆಟ್ ಕೂಡ ಪಡೆದರು. ಹಾಗಾಗಿ ಆ ತೀರ್ಮಾನ ಫಲ ಕೊಟ್ಟಿತು ಎನ್ನಬಹುದು. ಆದರೂ ಪ್ರವಾಸದ ಉದ್ದಕ್ಕೂ ಕಾದು ಕುಳಿತವನಿಗೆ ಸರದಿ ಬಂದಾಗ ಬೇರೆಯವರನ್ನು ಕರೆತರುವುದಾದರೆ, ಅವನನ್ನು ಮೀಸಲು ಬ್ಯಾಟರ್ ಎಂದು ಆರಿಸಿದ್ದಾದರೂ ಏಕೆ ಎಂಬ ಪ್ರಶ್ನೆಗೆ ಆಯ್ಕೆ ಸಮಿತಿ ಉತ್ತರಿಸಲೇಬೇಕಿತ್ತು. ಮುಂದೆ 2024-25ರ ರಣಜಿಯಲ್ಲಿ ವಿದರ್ಭದ ಪರ 863 ರನ್, 2025ರಲ್ಲಿ ‘ಎ’ ತಂಡದ ಪರ ಕ್ಯಾಂಟರ್‌ಬರಿಯಲ್ಲಿ 204; ಎರಡೂ ಪರೀಕ್ಷೆಗಳಲ್ಲಿ ಗೆದ್ದು ಎಂಟು ವರ್ಷಗಳ ನಂತರ ಟೆಸ್ಟ್ ತಂಡಕ್ಕೆ ಮರಳಿದರು. ಇಂಗ್ಲೆಂಡಿನಲ್ಲಿ ನಾಲ್ಕು ಟೆಸ್ಟ್ ಆಡಿ ಎಂಟು ಇನಿಂಗ್ಸ್‌ಗಳಿಂದ 205 ರನ್ ಗಳಿಸಿದರು. ಓವಲ್‌ನ ಹಸಿರು ಪಿಚ್‌ನಲ್ಲಿ ಹೊಡೆದ 57 ಮಾತ್ರ ಐವತ್ತು ದಾಟಿದ ಸ್ಕೋರು, ಉಳಿದವುಗಳಲ್ಲಿ ಹಲವು ಸಲ ಕಾಲೂರಿ ನಿಂತ ಮೇಲೆಯೇ ಔಟಾದರು. ಮುಂದಿನ ವೆಸ್ಟ್ ಇಂಡೀಸ್ ಸರಣಿಗೆ ಅವರನ್ನು ಕೈಬಿಟ್ಟಾಗ, ಅವರಿಂದ ಹೆಚ್ಚಿನದನ್ನು ನಿರೀಕ್ಷಿಸಿದ್ದೆವು ಎಂದು ಸಮಿತಿಯ ಅಧ್ಯಕ್ಷ ಅಜಿತ್ ಅಗರ್ಕರ್ ಬಹಿರಂಗವಾಗಿ ಹೇಳಿದರು. ಆ ತೀರ್ಮಾನವನ್ನು ಒಪ್ಪಬಹುದು, ಬಿಡಬಹುದು. ಕಾರಣ ಹೇಳುವ ಸೌಜನ್ಯವಾದರೂ ಈ ಸಲ ಇತ್ತು. ಆಯ್ಕೆಯಾದವರ ಪಟ್ಟಿಯಷ್ಟೇ ಕಾಳಜಿಯಿಂದ ಕೈಬಿಟ್ಟವರಿಗೆ ಕಾರಣವನ್ನೂ ಹೇಳಬೇಕೆಂಬುದು ನನ್ನ ಬಹುಕಾಲದ ಒತ್ತಾಯ.

ಪ್ರಶ್ನೆ: ಆಡುವವರು ಹನ್ನೊಂದು ಜನ. 18 ಜನರನ್ನು ಕರೆದೊಯ್ಯುವುದು ದುಂದುವೆಚ್ಚವಲ್ಲವೇ? (ಸಂಡೂರು)

ಉತ್ತರ: ಅಲ್ಲ. ತವರಿನ ಸರಣಿಯಲ್ಲಿ ಒಬ್ಬ ಗಾಯಗೊಂಡರೆ ಮಾರನೆಯ ದಿನವೇ ಇನ್ನೊಬ್ಬ ಬಂದು ಸೇರಬಹುದು, ಅದೂ ರಣಜಿಯ ಆಟದ ಬಿಸಿಯಲ್ಲೇ. ಐದು ಟೆಸ್ಟ್‌ಗಳ ಪ್ರವಾಸದಲ್ಲಿ ವೀಸಾ, ಪ್ರಯಾಣ, ಹವಾಮಾನ, ಅಭ್ಯಾಸದ ಕೊರತೆ ಎಲ್ಲವೂ ಅಡ್ಡ ಬರುತ್ತವೆ. ಆದ್ದರಿಂದ ಪ್ರವಾಸಿ ತಂಡವನ್ನು ಕಟ್ಟುವವರು ಮೊದಲ ಟೆಸ್ಟ್‌ಗೆ ಯಾರು ಎಂದು ಯೋಚಿಸುವುದಕ್ಕಿಂತ ಹೆಚ್ಚಾಗಿ, ನಾಲ್ಕನೆಯ ಟೆಸ್ಟ್‌ನ ಹೊತ್ತಿಗೆ ಯಾರ್‍ಯಾರು ಉಳಿದಿರಲಿಕ್ಕಿಲ್ಲ ಎಂದು ಯೋಚಿಸಬೇಕಾಗುತ್ತದೆ.

2025ರ ಇಂಗ್ಲೆಂಡ್ ಪ್ರವಾಸದ 18 ಜನರನ್ನೇ ಬಿಡಿಸಿ ನೋಡಿ: ಆರು ತಜ್ಞ ಬ್ಯಾಟರ್‌ಗಳು, ಪಂತ್ ಮತ್ತು ಜುರೆಲ್ ಎಂಬ ಇಬ್ಬರು ಕೀಪರ್‌ಗಳು, ಐವರು ವೇಗಿಗಳು, ವೇಗದ ಬೌಲಿಂಗ್ ಮಾಡುವ ಇಬ್ಬರು ಆಲ್‌ರೌಂಡರ್‌ಗಳು, ಮೂವರು ಸ್ಪಿನ್ನರ್‌ಗಳು. ಇಷ್ಟಿದ್ದರೂ ಮ್ಯಾಂಚೆಸ್ಟರ್ ಟೆಸ್ಟ್ ಹೊತ್ತಿಗೆ ನಿತೀಶ್ ರೆಡ್ಡಿ ಮೊಣಕಾಲಿನ ಗಾಯದಿಂದ, ಅರ್ಷ್‌ದೀಪ್ ಕೈಗಾದ ಗಾಯದಿಂದ, ಆಕಾಶ್ ದೀಪ್ ತೊಡೆಸಂದಿನ ನೋವಿನಿಂದ ಹೊರಗುಳಿದರು. ಭಾರತದಿಂದ ಕರೆಸಿಕೊಂಡ ಅಂಶುಲ್ ಕಾಂಬೋಜ್ ಅಲ್ಲಿಯೇ ಟೆಸ್ಟ್ ಪದಾರ್ಪಣೆ ಮಾಡಬೇಕಾಯಿತು. ಅದೇ ಟೆಸ್ಟ್‌ನಲ್ಲಿ ಪಂತ್ ಪಾದದ ಮೂಳೆ ಮುರಿಯಿತು.

ಮೀಸಲು ಆಟಗಾರರ ಮಹತ್ವಕ್ಕೆ 2020-21ರ ಆಸ್ಟ್ರೇಲಿಯಾ ಪ್ರವಾಸಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ತಂಡವನ್ನು 2020ರ ಅಕ್ಟೋಬರ್‌ನಲ್ಲಿ ಆರಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ನಮ್ಮ ನೆರೆಯ ಗದಗಿನ ಸುನೀಲ್ ಜೋಶಿ. ಟೆಸ್ಟ್‌ಗೆ 18 ಜನರನ್ನು ಹೆಸರಿಸಿ, ಜೊತೆಗೆ ನಾಲ್ವರು ಹೆಚ್ಚುವರಿ ಬೌಲರ್‌ಗಳನ್ನೂ ಕಳುಹಿಸಲಾಯಿತು, ಅವರಲ್ಲೊಬ್ಬರು ಟಿ. ನಟರಾಜನ್. ಅಡಿಲೇಡ್‌ನಲ್ಲಿ 36ಕ್ಕೆ ಆಲೌಟಾದ ತಂಡದಿಂದ ಕೊಹ್ಲಿ ಮಗುವಿನ ಜನನಕ್ಕಾಗಿ ಊರಿಗೆ ಮರಳಿದರು. ಮುಂದೆ ಶಮಿ, ಉಮೇಶ್, ರಾಹುಲ್, ಜಡೇಜ, ವಿಹಾರಿ, ಅಶ್ವಿನ್, ಬೂಮ್ರಾ ಒಬ್ಬೊಬ್ಬರಾಗಿ ಗಾಯಾಳುಗಳಾದರು. ಬ್ರಿಸ್ಬೇನ್‌ನ ಕೊನೆಯ ಟೆಸ್ಟ್‌ನಲ್ಲಿ ನಟರಾಜನ್ ಮತ್ತು ವಾಷಿಂಗ್ಟನ್ ಸುಂದರ್ ಪದಾರ್ಪಣೆ ಮಾಡಿದರು. ಸುಂದರ್ ಟಿ20 ಸರಣಿ ಮುಗಿದ ಮೇಲೆ ನೆಟ್ಸ್‌ನಲ್ಲಿ ಬೌಲಿಂಗ್ ಮಾಡಲೆಂದು ಉಳಿದುಕೊಂಡಿದ್ದವರು. ಆಸ್ಟ್ರೇಲಿಯಾದ 369ಕ್ಕೆ ಉತ್ತರವಾಗಿ ಭಾರತ 6 ವಿಕೆಟ್‌ಗೆ 186 ಆಗಿದ್ದಾಗ ಅವರೂ ಶಾರ್ದೂಲ್ ಠಾಕೂರ್ ಅವರೂ ಜೊತೆಯಾದರು. ಎದುರಿಗೆ ಸ್ಟಾರ್ಕ್, ಹೇಜಲ್‌ವುಡ್, ಕಮಿನ್ಸ್, ಲಯನ್. ಇಬ್ಬರೂ ಸೇರಿ 123 ರನ್ ಕೂಡಿಸಿದರು. ಸುಂದರ್ 62, ಠಾಕೂರ್ 67. ಆ ಜೊತೆಯಾಟವಿಲ್ಲದಿದ್ದರೆ ಕೊನೆಯ ದಿನ 328ರ ಗುರಿ ಬೆನ್ನಟ್ಟುವ ಮಾತೇ ಬರುತ್ತಿರಲಿಲ್ಲ. ಆ ಸರಣಿಯಲ್ಲಿ ಭಾರತ ಒಟ್ಟು 20 ಜನರನ್ನು ಆಡಿಸಿತು.

ಇನ್ನೂ ಹಿಂದೆ ಹೋದರೆ 1996. ಜಿ.ಆರ್. ವಿಶ್ವನಾಥ್ ಅಧ್ಯಕ್ಷತೆಯ ಸಮಿತಿ ಇಂಗ್ಲೆಂಡ್ ಪ್ರವಾಸಕ್ಕೆ ದ್ರಾವಿಡ್ ಮತ್ತು ಗಂಗೂಲಿ ಅವರನ್ನು ಆರಿಸಿತು. ಸಿಧು ಮುನಿಸಿಕೊಂಡು ಊರಿಗೆ ಮರಳಿದರು, ಮಾಂಜ್ರೇಕರ್ ಗಾಯಗೊಂಡರು. ಲಾರ್ಡ್ಸ್‌ನಲ್ಲಿ ಹೊಸಬರಿಬ್ಬರಿಗೂ ಜಾಗ ಸಿಕ್ಕಿತು. ಗಂಗೂಲಿ 131, ಏಳನೆಯವರಾಗಿ ಇಳಿದ ದ್ರಾವಿಡ್ 95. ದ್ರಾವಿಡ್ ಅದಕ್ಕೂ ಮುನ್ನ ಐದು ವರ್ಷಗಳಿಂದ ಕರ್ನಾಟಕದ ಪರ ರಣಜಿ ಆಡಿ ಪಳಗಿದ್ದರು ಎಂಬುದನ್ನು ಮರೆಯಬಾರದು.

ಒಂದು ಮಾತನ್ನು ಇಲ್ಲಿಯೇ ಸೇರಿಸಬೇಕು. ಅಭಿಮನ್ಯು ಈಶ್ವರನ್ ಅವರು 2024-25ರ ಆಸ್ಟ್ರೇಲಿಯಾ ಪ್ರವಾಸದಲ್ಲೂ 2025ರ ಇಂಗ್ಲೆಂಡ್ ಪ್ರವಾಸದಲ್ಲೂ ತಂಡದಲ್ಲಿದ್ದು ಒಂದೂ ಟೆಸ್ಟ್ ಆಡಲಿಲ್ಲ. ಮೀಸಲು ಆಟಗಾರ ಬೇಕೇ ಬೇಕು, ಆದರೆ ಅದೇ ಮನುಷ್ಯನನ್ನು ಪ್ರವಾಸದ ಮೇಲೆ ಪ್ರವಾಸ ಬೆಂಚಿನಲ್ಲೇ ಕೂರಿಸಿದರೆ ಅವನ ಬ್ಯಾಟಿಂಗಿನ ಒಳ್ಳೆಯ ವರ್ಷಗಳು ನೆಟ್ಸ್‌ನಲ್ಲೇ ಕಳೆದುಹೋಗುತ್ತವೆ.

ಪ್ರಶ್ನೆ: ಒಂದೊಂದು ದೇಶಕ್ಕೆ ಒಂದೊಂದು ಬಗೆಯ ಬೌಲರ್‌ಗಳನ್ನು ಏಕೆ ಆರಿಸುತ್ತಾರೆ? ಒಳ್ಳೆಯ ಬೌಲರ್ ಎಲ್ಲಿಯೂ ಒಳ್ಳೆಯ ಬೌಲರ್ ಅಲ್ಲವೇ? (ಗಂಗಾವತಿ)

ಉತ್ತರ: ಚೆಂಡನ್ನು ಕೈಯಲ್ಲಿ ಹಿಡಿದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಭಾರತದಲ್ಲಿ ಎಸ್‌ಜಿ, ಇಂಗ್ಲೆಂಡ್ ಮತ್ತು ವೆಸ್ಟ್ ಇಂಡೀಸ್‌ನಲ್ಲಿ ಡ್ಯೂಕ್ಸ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್‌ಗಳಲ್ಲಿ ಕೂಕಬುರಾ ಚೆಂಡು ಬಳಕೆಯಲ್ಲಿದೆ. ಎಸ್‌ಜಿ ಮತ್ತು ಡ್ಯೂಕ್ಸ್ ಚೆಂಡುಗಳ ಆರೂ ಸಾಲು ಹೊಲಿಗೆಯನ್ನು ಕೈಯಿಂದಲೇ ಹಾಕುತ್ತಾರೆ. ಕೂಕಬುರಾದಲ್ಲಿ ನಡುವಿನ ಎರಡು ಸಾಲು ಮಾತ್ರ ಕೈಹೊಲಿಗೆ, ಉಳಿದ ನಾಲ್ಕು ಯಂತ್ರದ್ದು. ಹೀಗಾಗಿ ಕೂಕಬುರಾದ ಹೊಲಿಗೆ ಬೇಗ ಚಪ್ಪಟೆಯಾಗಿ, ಹೊಸ ಚೆಂಡಿನ ಓವರ್‌ಗಳು ಮುಗಿದ ಮೇಲೆ ಗಾಳಿಯಲ್ಲಿ ತಿರುಗುವುದು ಕಡಿಮೆಯಾಗುತ್ತದೆ. ಆಗ ಬೇಕಾಗುವುದು ಎತ್ತರದಿಂದ ಬಲವಾಗಿ ನೆಲಕ್ಕೆ ಅಪ್ಪಳಿಸಿ ಪುಟಿತ ಪಡೆಯುವ ಬೌಲರ್. ಇಂಗ್ಲೆಂಡಿನ ಮೋಡದ ಕೆಳಗೆ ಡ್ಯೂಕ್ಸ್ ಹಿಡಿದು ಹೊಲಿಗೆಯನ್ನು ನೇರವಾಗಿ ನಿಲ್ಲಿಸಿ ಪೂರ್ಣ ಉದ್ದದಲ್ಲಿ (ಬ್ಯಾಟರ್‌ಗೆ ಹತ್ತಿರ ಪುಟಿಯುವಂತೆ) ಎಸೆಯುವವನ ಲೆಕ್ಕವೇ ಬೇರೆ. ಮೊದಲನೆಯ ಗುಣಕ್ಕೆ ನಮ್ಮವರೇ ಆದ ಎತ್ತರದ ಪ್ರಸಿದ್ಧ್ ಕೃಷ್ಣ, ಎರಡನೆಯದಕ್ಕೆ ಆಕಾಶ್ ದೀಪ್ ಉದಾಹರಣೆ. ಬೂಮ್ರಾ ಅವರಂಥ ಒಬ್ಬಿಬ್ಬರು ಎಲ್ಲೆಡೆಯೂ ಸಲ್ಲುತ್ತಾರೆ. ಅಂಥವರು ಒಂದು ತಲೆಮಾರಿಗೆ ಒಬ್ಬರು ಸಿಕ್ಕರೆ ಹೆಚ್ಚು.

ಆದರೆ ಬೂಮ್ರಾ ಅವರ ಬೆನ್ನು ಐದು ಟೆಸ್ಟ್‌ಗಳ ಹೊರೆ ತಾಳದು ಎಂದು ತಿಳಿದೇ 2025ರಲ್ಲಿ ಮೂರು ಪಂದ್ಯಗಳಿಗೆ ಮಾತ್ರ ಅವರನ್ನು ಬಳಸುವ ಯೋಜನೆ ಮಾಡಲಾಯಿತು. ಶಮಿ ಅವರನ್ನು ವೈದ್ಯಕೀಯ ಕಾರಣಕ್ಕೆ ಕೈಬಿಡಲಾಯಿತು. ಎಡ್ಜ್‌ಬಾಸ್ಟನ್‌ನಲ್ಲಿ ಬೂಮ್ರಾ ಬದಲಿಗೆ ಆಡಿದ ಆಕಾಶ್ ದೀಪ್ ಹತ್ತು ವಿಕೆಟ್ ಪಡೆದರು. ಭಾರತ ಆ ಮೈದಾನದಲ್ಲಿ ಮೊದಲ ಸಲ ಗೆದ್ದಿತು. ಓವಲ್‌ನಲ್ಲಿ ಆರು ರನ್‌ಗಳಿಂದ ಗೆದ್ದಾಗಲೂ ಬೂಮ್ರಾ ಇರಲಿಲ್ಲ. ಸಿರಾಜ್ ಜೊತೆ ಪ್ರಸಿದ್ಧ್ ಪಂದ್ಯದಲ್ಲಿ ಎಂಟು ವಿಕೆಟ್ ಕಿತ್ತರು.

ಅದೇ ಪ್ರವಾಸದಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ ಕುಲದೀಪ್ ಯಾದವ್ ಅವರದು. ಐದೂ ಟೆಸ್ಟ್‌ಗಳಲ್ಲಿ ಅವರನ್ನು ಹೊರಗಿಟ್ಟು ಬ್ಯಾಟಿಂಗ್ ಬಲ್ಲ ಜಡೇಜ, ಸುಂದರ್ ಅವರನ್ನು ಆಡಿಸಲಾಯಿತು. ಮ್ಯಾಂಚೆಸ್ಟರ್‌ನಲ್ಲಿ ಆ ಇಬ್ಬರೂ ಅಜೇಯ ಶತಕ ಹೊಡೆದು ಸೋಲುವ ಪಂದ್ಯವನ್ನು ಉಳಿಸಿದ್ದು ನಿಜ. ಆದರೆ ಅದೇ ಪಂದ್ಯದಲ್ಲಿ ಇಂಗ್ಲೆಂಡ್ 669 ರನ್ ಪೇರಿಸಿತ್ತು ಎಂಬುದೂ ಅಷ್ಟೇ ನಿಜ. ಟೆಸ್ಟ್ ಗೆಲ್ಲಲು 20 ವಿಕೆಟ್ ಬೇಕು. ಮಣಿಕಟ್ಟಿನ ಸ್ಪಿನ್ನರ್ ಒಬ್ಬನನ್ನು ಅಷ್ಟು ದೂರ ಕರೆದೊಯ್ದು ಆಡಿಸದೆ ಕರೆತಂದದ್ದು ಆಯ್ಕೆಯ ಉದ್ದೇಶವನ್ನೇ ವ್ಯರ್ಥಗೊಳಿಸಿತು ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ಕೊನೆಯ ಮಾತು ಯಾರದು, ಸಮಿತಿಯದೋ ನಾಯಕನದೋ? (ಬಳ್ಳಾರಿಯ ಕೌಲ್‌ಬಜಾರ್‌ನಿಂದ ಬಂದ ಪತ್ರ)

ಉತ್ತರ: ಪ್ರವಾಸಿ ತಂಡವನ್ನು ಆರಿಸುವುದು ಐವರು ಸದಸ್ಯರ ಆಯ್ಕೆ ಸಮಿತಿ. ನಾಯಕ ಮತ್ತು ಮುಖ್ಯ ಕೋಚ್ ಅಭಿಪ್ರಾಯ ಹೇಳುತ್ತಾರೆ, ಮತ ಹಾಕುವುದಿಲ್ಲ. ವಿಮಾನ ಇಳಿದ ಮೇಲೆ ಹನ್ನೊಂದರ ಬಳಗವನ್ನು ನಿರ್ಧರಿಸುವುದು ಮುಖ್ಯವಾಗಿ ಅವರಿಬ್ಬರೇ. ಮೇಲೆ ಹೇಳಿದ ಕುಲದೀಪ್ ಅವರ ವಿಷಯದಲ್ಲಿ ದೂರುವುದಾದರೆ ಆಯ್ಕೆ ಸಮಿತಿಯನ್ನಲ್ಲ, ತಂಡದ ಆಡಳಿತವನ್ನು ದೂರಬೇಕು.

ನಾಯಕನ ಮಾತಿಗೆ ಬೆಲೆ ಕೊಟ್ಟು ಸಮಿತಿ ಸ್ವಂತ ಬುದ್ಧಿಯನ್ನೂ ಉಳಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ 1971 ನೋಡಬೇಕು. ಅಧ್ಯಕ್ಷ ವಿಜಯ್ ಮರ್ಚೆಂಟ್ ತಮ್ಮ ನಿರ್ಣಾಯಕ ಮತದಿಂದ ಪಟೌಡಿ ಬದಲಿಗೆ ಅಜಿತ್ ವಾಡೇಕರ್ ಅವರನ್ನು ನಾಯಕರನ್ನಾಗಿ ಮಾಡಿದರು. ವಾಡೇಕರ್ ಅವರಿಗೆ ಬೇಕಾಗಿದ್ದ ದಿಲೀಪ್ ಸರ್ದೇಸಾಯಿ ವೆಸ್ಟ್ ಇಂಡೀಸ್‌ನಲ್ಲಿ 642 ರನ್ ಗಳಿಸಿದರು, ಹೊಸಬ ಗಾವಸ್ಕರ್ ನಾಲ್ಕೇ ಟೆಸ್ಟ್‌ಗಳಲ್ಲಿ 774. ಆ ಪ್ರವಾಸಕ್ಕೆ ಕೈಬಿಟ್ಟಿದ್ದ ನಮ್ಮ ಬಿ.ಎಸ್. ಚಂದ್ರಶೇಖರ್ ಅವರನ್ನು ಅದೇ ವರ್ಷ ಇಂಗ್ಲೆಂಡಿಗೆ ಆರಿಸಿದಾಗ ಅದು ಗೊತ್ತಿದ್ದೇ ಕಟ್ಟಿದ ಪಣವಾಗಿತ್ತು. ಬಾಲ್ಯದಲ್ಲಿ ಪೋಲಿಯೊದಿಂದ ಬಲಗುಂದಿದ ಅದೇ ಕೈಯಿಂದ ಅವರು ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ಪಡೆದರು. ಇಂಗ್ಲೆಂಡ್ 101ಕ್ಕೆ ಆಲೌಟಾಯಿತು. ಭಾರತ ಆ ನೆಲದಲ್ಲಿ ಮೊದಲ ಟೆಸ್ಟನ್ನೂ ಮೊದಲ ಸರಣಿಯನ್ನೂ ಒಟ್ಟಿಗೇ ಗೆದ್ದಿತು. ಚಂದ್ರ ದುಬಾರಿಯಾಗುವ ಬೌಲರ್, ಆದರೆ ಒಂದೇ ಅವಧಿಯಲ್ಲಿ ಪಂದ್ಯ ತಿರುಗಿಸಬಲ್ಲವರು ಎಂಬುದನ್ನು ಅರಿತೇ ಮಾಡಿದ ಆಯ್ಕೆ ಅದು. ಸರಾಸರಿಯ ಪಟ್ಟಿಯಿಂದ ಅಂಥ ಬೌಲರ್ ಸಿಗುವುದಿಲ್ಲ.

ಪ್ರಶ್ನೆ: ಆಯ್ಕೆಗಾರರಾಗಲು ಅರ್ಹತೆ ಏನು? ಕರ್ನಾಟಕದವರು ಸಮಿತಿಯಲ್ಲಿದ್ದರೆ ನಮ್ಮ ಆಟಗಾರರಿಗೆ ಅನುಕೂಲವೇ? (ಕುಷ್ಟಗಿ)

ಉತ್ತರ: ಕನಿಷ್ಠ 7 ಟೆಸ್ಟ್, ಅಥವಾ 30 ಪ್ರಥಮ ದರ್ಜೆ ಪಂದ್ಯ, ಅಥವಾ 10 ಏಕದಿನ ಮತ್ತು 20 ಪ್ರಥಮ ದರ್ಜೆ ಪಂದ್ಯಗಳನ್ನು ಆಡಿರಬೇಕು, ನಿವೃತ್ತರಾಗಿ ಐದು ವರ್ಷ ಕಳೆದಿರಬೇಕು. ಹೆಚ್ಚು ಟೆಸ್ಟ್ ಆಡಿದ ಸದಸ್ಯರೇ ಅಧ್ಯಕ್ಷರಾಗುತ್ತಾರೆ. 15 ಟೆಸ್ಟ್ ಆಡಿದ್ದ ಜೋಶಿ ಅವರ ಬಳಿಕ 23 ಟೆಸ್ಟ್ ಆಡಿದ್ದ ಚೇತನ್ ಶರ್ಮ 2020ರ ಡಿಸೆಂಬರ್‌ನಲ್ಲಿ ಅಧ್ಯಕ್ಷರಾದದ್ದು ಹೀಗೆಯೇ. ವಿಶ್ವನಾಥ್, ಕಿರ್ಮಾನಿ, ಜೋಶಿ ಅಧ್ಯಕ್ಷರಾಗಿದ್ದರು, ರೋಜರ್ ಬಿನ್ನಿ ಸದಸ್ಯರಾಗಿದ್ದರು. ಇನ್ನು ಅನುಕೂಲದ ಮಾತು: ಜೋಶಿ ಅಧ್ಯಕ್ಷರಾಗಿದ್ದಾಗ ಆರಿಸಿದ ಆಸ್ಟ್ರೇಲಿಯಾ ಪ್ರವಾಸದ ಟೆಸ್ಟ್ ತಂಡದಲ್ಲಿ ಕರುಣ್ ಇರಲಿಲ್ಲ. ಅದು ಹಾಗೆಯೇ ಇರಬೇಕಾದದ್ದು.

ಪ್ರಶ್ನೆ: ನನ್ನ ಮಗನಿಗೆ ಹದಿನೈದು ವರ್ಷ. ಟೆನಿಸ್ ಬಾಲ್ ಟೂರ್ನಿಗಳಲ್ಲಿ ವೇಗವಾಗಿ ಬೌಲಿಂಗ್ ಮಾಡುತ್ತಾನೆ. ರಾಷ್ಟ್ರೀಯ ಆಯ್ಕೆಗಾರರ ಕಣ್ಣಿಗೆ ನಮ್ಮಂಥ ಊರಿನ ಹುಡುಗ ಯಾವಾಗ ಬೀಳುತ್ತಾನೆ? (ಮಾನ್ವಿಯ ತಂದೆಯೊಬ್ಬರು)

ಉತ್ತರ: ಟೆನಿಸ್ ಬಾಲ್ ಆಡಿದ್ದು ಅಡ್ಡಿಯಲ್ಲ. ಸೇಲಂ ಬಳಿಯ ಹಳ್ಳಿಯ ನಟರಾಜನ್, ನಿಮಗೆ ಬೆಂಗಳೂರಿಗಿಂತ ಹತ್ತಿರವಿರುವ ಹೈದರಾಬಾದಿನ ಸಿರಾಜ್ ಇಬ್ಬರೂ ಹಾಗೆಯೇ ಶುರುಮಾಡಿದವರು. ನಟರಾಜನ್ ತಮಿಳುನಾಡಿನ ಪರ ರಣಜಿ ಆಡಲಾರಂಭಿಸಿದಾಗ ಬೌಲಿಂಗ್ ಶೈಲಿಯ ಬಗ್ಗೆ ಆಕ್ಷೇಪ ಬಂತು. ಅದನ್ನು ತಿದ್ದಿಕೊಂಡು ಮರಳಿದರು. ಟೆನಿಸ್ ಬಾಲ್‌ನಲ್ಲಿ ವೇಗಕ್ಕಾಗಿ ಮೊಣಕೈ ಬಗ್ಗಿಸುವ ಅಭ್ಯಾಸ ಬೆಳೆಯಬಹುದು, ಆದ್ದರಿಂದ ಈ ವರ್ಷವೇ ಚರ್ಮದ ಚೆಂಡಿಗೆ ಬದಲಾಯಿಸಿ, ಶೈಲಿಯನ್ನು ಒಬ್ಬ ಅರ್ಹ ಕೋಚ್‌ಗೆ ತೋರಿಸಿ. ರಾಜ್ಯ ಕ್ರಿಕೆಟ್ ಸಂಸ್ಥೆಗೆ ರಾಯಚೂರು ವಲಯವೇ ಇದೆ. ಅದರಲ್ಲಿ ನೋಂದಾಯಿತವಾದ ಕ್ಲಬ್ ಸೇರಿ ಲೀಗ್ ಆಡಿದರೆ ಮಾತ್ರ ವಲಯದ ತಂಡದ ಮೂಲಕ ರಾಜ್ಯದ ಕಿರಿಯರ ತಂಡದತ್ತ ದಾರಿ. 16 ವರ್ಷದೊಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, 19ರೊಳಗಿನವರಿಗೆ ದೀರ್ಘಾವಧಿಯ ಕೂಚ್ ಬಿಹಾರ್ ಮತ್ತು ಏಕದಿನದ ವಿನೂ ಮಂಕಡ್, 23ರೊಳಗೆ ಸಿ.ಕೆ. ನಾಯ್ಡು ಟ್ರೋಫಿ, ಅದಾದ ಮೇಲೆ ರಣಜಿ. ಹಿರಿಯರ ಆಯ್ಕೆ ಸಮಿತಿ ಟೆಸ್ಟ್‌ಗಾಗಿ ಗಂಭೀರವಾಗಿ ನೋಡುವುದು ರಣಜಿ, ದುಲೀಪ್ ಮತ್ತು ‘ಎ’ ತಂಡದ ಪಂದ್ಯಗಳನ್ನು. ವಯಸ್ಸಿನ ದಾಖಲೆಗಳನ್ನು ಈಗಲೇ ಸರಿಪಡಿಸಿಟ್ಟುಕೊಳ್ಳಿ. ಕಿರಿಯರ ಹಂತದಲ್ಲಿ ಮೂಳೆಯ ಪರೀಕ್ಷೆಯಿಂದ ವಯಸ್ಸನ್ನು ನಿರ್ಧರಿಸುತ್ತಾರೆ. ಮತ್ತು ಏಪ್ರಿಲ್, ಮೇ ತಿಂಗಳ ರಾಯಚೂರಿನ ಮಧ್ಯಾಹ್ನದಲ್ಲಿ ಅವನಿಂದ ಉದ್ದುದ್ದ ಸ್ಪೆಲ್ ಹಾಕಿಸುವ ಟೂರ್ನಿ ಸಂಘಟಕರಿಗೆ ದಯವಿಟ್ಟು ಬೇಡ ಎನ್ನಿ. ಬೆಳೆಯುವ ವಯಸ್ಸಿನ ವೇಗಿಗಳ ಬೆನ್ನಮೂಳೆಯಲ್ಲಿ ಬಿರುಕು ಬರುವುದು ಇಂಥ ಅತಿಯಾದ ದುಡಿಮೆಯಿಂದಲೇ.